ಗಂಟಲು ಯಾರದು, ಹಾಡು ಯಾರದು?

ಮೊನ್ನೆ ಭಾನುವಾರ ನಮ್ಮ ಓದುಕೂಟದಲ್ಲಿ ಹಾಸ್ಟೆಲಿನ ಹುಡುಗನೊಬ್ಬ ತನ್ನ ಮೊಬೈಲಿನಿಂದ ಒಂದು ಜಪಾನೀ ಹಾಡು ಹಾಕಿದ. ತೆಳುವಾದ, ಎತ್ತರದ ಹೆಣ್ಣುದನಿ. ಉಸಿರಾಡಲೂ ಬಿಡುವಿಲ್ಲದಂತೆ ಪದದ ಮೇಲೆ ಪದ ಬಂದು ಬೀಳುತ್ತಿತ್ತು. ನಮ್ಮಲ್ಲಿ ಯಾರಿಗೂ ಜಪಾನೀ ಬಾರದು. ಆದರೂ ಮೂರು ನಿಮಿಷ ಯಾರೂ ಕೂತಲ್ಲಿಂದ ಕದಲಲಿಲ್ಲ. ಮುಗಿದ ಮೇಲೆ ಹುಡುಗ ಹೇಳಿದ: "ಇದನ್ನ ಹಾಡಿದೋರು ಯಾರೂ ಇಲ್ಲ ಸಾರ್. ಕಂಪ್ಯೂಟರು ಹಾಡಿರೋದು."

ಮೂಲೆಯಲ್ಲಿ ಕೂತಿದ್ದ ಹಿರಿಯ ಮೇಷ್ಟ್ರೊಬ್ಬರು, ಮೂವತ್ತು ವರ್ಷ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದವರು, ಕೇಳಿದರು: "ಅದಕ್ಕೆ ಹಸಿವಾಗುತ್ತೇನಪ್ಪ?"

ಎಲ್ಲರೂ ನಕ್ಕರು. ಹುಡುಗನ ಮುಖ ಸಣ್ಣದಾಯಿತು. ಆದರೆ ಅದು ನಕ್ಕು ಬಿಡುವಂಥ ಪ್ರಶ್ನೆಯಲ್ಲ. ಹಾಡು ಬೆವರಿನಿಂದ, ಹಸಿವಿನಿಂದ, ಉಂಡ ಅವಮಾನದಿಂದ ಹುಟ್ಟುತ್ತದೆಯೇ ಹೊರತು ವ್ಯಾಕರಣದಿಂದಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದವರು ನಾವು. ಹಾಗಿರುವಾಗ ಗಂಟಲೇ ಇಲ್ಲದ ಹಾಡಿನ ಮುಂದೆ ನಾವೇಕೆ ಮೂರು ನಿಮಿಷ ಸುಮ್ಮನೆ ಕೂತೆವು? ಇದಕ್ಕೆ ಉತ್ತರ ಹುಡುಕದೆ "ಯಂತ್ರದ ಹಾಡಿಗೆ ಜೀವ ಇಲ್ಲ" ಎಂದು ಷರಾ ಬರೆದು ಏಳುವುದು ಸುಲಭ. ಅದು ಸೋಮಾರಿತನ. ಮೇಷ್ಟ್ರ ಪ್ರಶ್ನೆ ಸರಿಯೇ. ಅದನ್ನು ಕೇಳಬೇಕಾದ ವಿಳಾಸ ಮಾತ್ರ ಬೇರೆ. ಯಂತ್ರದ ಹಿಂದೆ ಇಬ್ಬರು ಮನುಷ್ಯರಿದ್ದಾರೆ. ಗಂಟಲು ಕೊಟ್ಟವರು ಒಬ್ಬರು, ಹಾಡು ಕೊಟ್ಟವರು ಇನ್ನೊಬ್ಬರು. ಮೂರನೆಯವನೂ ಇದ್ದಾನೆ, ಪೆಟ್ಟಿಗೆಯ ಒಡೆಯ. ಹಸಿವು ಯಾರದು ಎಂದು ಈ ಮೂವರನ್ನು ನಿಲ್ಲಿಸಿ ಕೇಳಬೇಕು.

ಮೊದಲು ಈ ಪೆಟ್ಟಿಗೆ ಕೆಲಸ ಮಾಡುವ ಬಗೆ. ಹೆಸರು ವೋಕಲಾಯ್ಡ್. ಜಪಾನಿನ ಯಮಾಹಾ ಕಂಪನಿಯಲ್ಲಿ ಕೆನ್‌ಮೋಚಿ ಹಿದೆಕಿ ಎಂಬ ಎಂಜಿನಿಯರು ೨೦೦೦ದಲ್ಲಿ, ಸ್ಪೇನಿನ ಬಾರ್ಸಿಲೋನಾದ ಒಂದು ವಿಶ್ವವಿದ್ಯಾಲಯದವರ ಜೊತೆ ಸೇರಿ ಶುರುಮಾಡಿದ ಕೆಲಸ. ಮನುಷ್ಯರೊಬ್ಬರನ್ನು ಸ್ಟುಡಿಯೋದಲ್ಲಿ ನಿಲ್ಲಿಸಿ, ಅರ್ಥವಿಲ್ಲದ ಅಕ್ಷರಗಳ ಸಾಲುಗಳನ್ನು ಅವರಿಂದ ಹೇಳಿಸಿ ರೆಕಾರ್ಡು ಮಾಡುತ್ತಾರೆ. ಜಪಾನೀ ಉಚ್ಚಾರ ಬಹುಮಟ್ಟಿಗೆ ನಮ್ಮ ಕಾಗುಣಿತದ ಹಾಗೆ, ವ್ಯಂಜನಕ್ಕೆ ಸ್ವರ ಅಂಟಿಕೊಂಡೇ ಇರುತ್ತದೆ. ಆ ಅಕ್ಷರಗಳನ್ನೂ, ಒಂದರಿಂದ ಇನ್ನೊಂದಕ್ಕೆ ದನಿ ಜಾರುವ ತುಣುಕುಗಳನ್ನೂ ಕತ್ತರಿಸಿ ಉಗ್ರಾಣದಲ್ಲಿಡುತ್ತಾರೆ. ಹಾಡು ಕಟ್ಟುವವನು ಪರದೆಯ ಮೇಲೆ, ಹಾರ್ಮೋನಿಯಮ್ಮಿನ ಮನೆಗಳಂತೆ ಇರುವ ಗೆರೆಗಳಲ್ಲಿ, ಒಂದೊಂದು ಸ್ವರವನ್ನೂ ಉದ್ದ ಅಳೆದು ಇಡುತ್ತಾನೆ. ಪ್ರತಿ ಸ್ವರದ ಮೇಲೆ ಒಂದೊಂದು ಅಕ್ಷರ ಬರೆಯುತ್ತಾನೆ. ಪೆಟ್ಟಿಗೆ ಉಗ್ರಾಣದಿಂದ ತುಣುಕುಗಳನ್ನು ತೆಗೆದು, ಜೋಡಿಸಿ, ಹಾಡುತ್ತದೆ.

ಹಾಗೇ ಬಿಟ್ಟರೆ ಅದು ಶಾಲಾ ಮಗು ಮಗ್ಗಿ ಒಪ್ಪಿಸಿದಂತಿರುತ್ತದೆ. ಆಮೇಲಿನದ್ದೇ ಕೆಲಸ. ಎಲ್ಲಿ ದನಿ ಏರಬೇಕು, ಎಲ್ಲಿ ನಡುಗಬೇಕು, ಎಲ್ಲಿ ಉಸಿರು ಹೆಚ್ಚಾಗಿ ಮಾತು ಕಮ್ಮಿಯಾಗಬೇಕು ಎಂದು ಒಂದೊಂದು ಅಕ್ಷರದ ಕೆಳಗೂ ಗೆರೆ ಎಳೆದು ತಿದ್ದಬೇಕು. ಮೂರು ನಿಮಿಷದ ಹಾಡಿಗೆ ರಾತ್ರಿಗಟ್ಟಲೆ ಕೂರಬೇಕು. ಗುಂಡಿ ಒತ್ತಿದರೆ ಹಾಡು ಉದುರುತ್ತದೆ ಎಂದುಕೊಂಡವರು ಗಮನಿಸಬೇಕು: ಇಲ್ಲಿ ಸಾಹಿತ್ಯ, ರಾಗ, ವಾದ್ಯ, ತಿದ್ದುಪಡಿ ಎಲ್ಲವೂ ಒಬ್ಬ ಮನುಷ್ಯನ ಶ್ರಮ. ಯಂತ್ರಕ್ಕೆ ಅವನಿಂದ ಸಿಕ್ಕದ್ದು ಹಾಡುವ ಕೂಲಿ ಕೆಲಸ ಮಾತ್ರ.

೨೦೦೪ರ ಜನವರಿಯಲ್ಲಿ ಈ ಪೆಟ್ಟಿಗೆ ಮೊದಲು ಅಂಗಡಿಗೆ ಬಂದದ್ದು ಜಪಾನಿನಲ್ಲಲ್ಲ, ಇಂಗ್ಲೆಂಡಿನ ಜೀರೋ-ಜಿ ಎಂಬ ಕಂಪನಿಯಿಂದ. ಎರಡು ದನಿಗಳು, ಲಿಯೋನ್ ಮತ್ತು ಲೋಲಾ. ಇವನ್ನು ಯಾವ ಹೆಸರಿನಲ್ಲಿ ಮಾರಿದರು ಗೊತ್ತೇ? "ಸೋಲ್" ಹಾಡುಗಾರರು ಎಂದು. ಸೋಲ್ ಸಂಗೀತ ಅಮೆರಿಕದ ಕರಿಯರ ಚರ್ಚುಗಳಲ್ಲಿ, ಗುಲಾಮರ ಮಕ್ಕಳು ಮೊಮ್ಮಕ್ಕಳ ಗಂಟಲಲ್ಲಿ ಹುಟ್ಟಿದ್ದು. ನೂರಾರು ವರ್ಷಗಳ ನೋವು ಹುರಿಗೊಂಡು ಬಂದ ದನಿ ಅದು. ಅದನ್ನು ಸ್ವರಗಳ ತುಣುಕು ಮಾಡಿ ಡಬ್ಬಿಯಲ್ಲಿಟ್ಟು, ಬೇಕಾದವರು ಬೇಕಾದ್ದು ಹಾಡಿಸಿಕೊಳ್ಳಿ ಅಂದರು. ಗುರಿ, ಸ್ಟುಡಿಯೋಗಳಲ್ಲಿ ಹಿಮ್ಮೇಳ ಹಾಡುವವರ ಕೂಲಿ ಉಳಿಸುವುದು. ಇಂಥ ಕಡೆ ನಮಗೆ ಯಂತ್ರದ ಮೇಲೆ ಸಿಟ್ಟು ಬರುವುದಿಲ್ಲ, ಲೆಕ್ಕ ಹಾಕಿದವನ ಮೇಲೆ ಬರುತ್ತದೆ. ಆ ಡಬ್ಬಿಗಳು ಹೆಚ್ಚು ನಡೆಯಲಿಲ್ಲ. ಅದರ ಬಗ್ಗೆ ನಮಗೇನೂ ದುಃಖವಿಲ್ಲ.

ನಡೆದದ್ದು ಬೇರೆ. ಜಪಾನಿನ ಉತ್ತರದ ತುದಿಯ ಸಪ್ಪೊರೊ ಊರಿನಲ್ಲಿ ಕ್ರಿಪ್ಟಾನ್ ಎಂಬ, ಸಿನಿಮಾದವರಿಗೆ ಸಂಗೀತಗಾರರಿಗೆ ಶಬ್ದಗಳನ್ನು ಮಾರುವ ಸಣ್ಣ ಕಂಪನಿ. ಅದು ೨೦೦೭ರ ಆಗಸ್ಟ್ ೩೧ರಂದು ಹತ್ಸುನೆ ಮಿಕು ಎಂಬ ದನಿಯನ್ನು ಮಾರಾಟಕ್ಕಿಟ್ಟಿತು. ನಾಳಿನ ಮೊದಲ ದನಿ ಎಂಬಂಥ ಅರ್ಥ. ಡಬ್ಬಿಯ ಮೇಲೆ ಹಸಿರುನೀಲಿ ಬಣ್ಣದ ಎರಡು ಉದ್ದ ಜಡೆಯ, ಹದಿನಾರು ವರ್ಷದ ಹುಡುಗಿಯ ಚಿತ್ರ. ಗಂಟಲು ಫುಜಿತಾ ಸಾಕಿ ಎಂಬ ನಟಿಯದು, ಕಾರ್ಟೂನುಗಳಿಗೆ ದನಿ ಕೊಡುವವಳು. ಬೆಲೆ ೧೫,೭೫೦ ಯೆನ್. ಅದಕ್ಕೂ ಹಿಂದೆ ಇದೇ ಕಂಪನಿ ಮಾರಿದ್ದ ಒಂದು ಗಂಡುದನಿ ವರ್ಷಕ್ಕೆ ಐನೂರು ಹೋಗಿದ್ದರೆ ಹೆಚ್ಚು. ಮಿಕು ಮೊದಲ ವರ್ಷದಲ್ಲೇ ಸುಮಾರು ನಲವತ್ತು ಸಾವಿರ.

ಕೊಂಡವರು ಯಾರು? ಸ್ಟುಡಿಯೋದವರಲ್ಲ. ಕಾಲೇಜು ಹುಡುಗರು, ಸಣ್ಣಪುಟ್ಟ ಕೆಲಸದವರು. ರಾಗ ತಲೆಯಲ್ಲಿದೆ, ಹಾಡಲು ದನಿಯಿಲ್ಲ. ಹಾಡುವವಳನ್ನು ಕರೆಯಲು ದುಡ್ಡಿಲ್ಲ, ಕರೆಯುವ ಧೈರ್ಯವೂ ಇಲ್ಲ. ಟೋಕಿಯೋದ ರೆಕಾರ್ಡು ಕಂಪನಿಯ ಬಾಗಿಲು ಇವರಿಗೆ ಯಾವತ್ತೂ ತೆರೆಯುತ್ತಿರಲಿಲ್ಲ. ಇವರು ರಾತ್ರಿ ಕೂತು ಹಾಡು ಕಟ್ಟಿ, ನಿಕೋನಿಕೋ ಎಂಬ ವಿಡಿಯೋ ತಾಣಕ್ಕೆ ಹಾಕಿದರು. ಹೆಸರು ಹಾಕಿಕೊಳ್ಳಲಿಲ್ಲ. ಕೇಳಿದವರೇ ಒಂದೊಂದು ಅಡ್ಡಹೆಸರಿಟ್ಟು ಕೊನೆಗೆ "ಪಿ" ಅಂತ ಸೇರಿಸಿದರು, ಪ್ರೊಡ್ಯೂಸರ್ ಅನ್ನುವುದರ ಪಿ. ಇಂಥವನ ಮಗ, ಇಂಥ ಘರಾಣೆಯ ಶಿಷ್ಯ ಎಂಬ ಪೀಠಿಕೆ ಇಲ್ಲದೆ ಹಾಡೊಂದು ಹೊರಬಂದು ನಿಂತದ್ದು ನಮಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ. ಅದೇ ಅಕ್ಟೋಬರಿನಲ್ಲಿ ಅಲ್ಲಿಯ ದೊಡ್ಡ ಟಿವಿ ಚಾನೆಲ್ಲೊಂದು ಇವರನ್ನು ಕರೆಸಿ, ಬೊಂಬೆ ಹುಚ್ಚಿನ ಹುಡುಗರು ಎಂಬಂತೆ ತೋರಿಸಿ ನಗಾಡಿತು. ಯಜಮಾನರು ನಗುವುದು ಯಾವಾಗ ಎಂದು ನಮಗೆ ಗೊತ್ತಿಲ್ಲವೇ.

ಆ ಡಿಸೆಂಬರಿನಲ್ಲಿ ರಿಯೋ ಎಂಬುವನು "ಮೆಲ್ಟ್" ಎಂಬ ಹಾಡು ಹಾಕಿದ. ಅಲ್ಲಿಯವರೆಗೆ ಬಹಳ ಹಾಡುಗಳು ಮಿಕು ತನ್ನ ಬಗ್ಗೆ ತಾನೇ ಹಾಡಿಕೊಳ್ಳುವ, ಆಟಿಕೆಯಂಥ ಹಾಡುಗಳು. ಇದು ಹಾಗಲ್ಲ. ಮಳೆಯ ದಿನ, ಒಂದೇ ಕೊಡೆ, ನಾಚಿದ ಹುಡುಗಿ, ಅಷ್ಟೆ. ವಸ್ತು ಹಳೆಯದು, ನಮಗೆ ಅಂಥ ಮೆಚ್ಚುಗೆಯೂ ಇಲ್ಲ. ಆದರೆ ಒಂದು ಘಟನೆ ನಡೆಯಿತು. ಮನುಷ್ಯರು ಅದನ್ನು ತಮ್ಮ ತಮ್ಮ ಗಂಟಲಲ್ಲಿ ಹಾಡಿ ಹಾಕತೊಡಗಿದರು, ಒಬ್ಬರಲ್ಲ ಇಬ್ಬರಲ್ಲ. ಮನುಷ್ಯನನ್ನು ನಕಲು ಮಾಡಿದ ಯಂತ್ರ, ಆ ಯಂತ್ರದ ಹಾಡನ್ನು ಕಲಿತು ಹಾಡುವ ಮನುಷ್ಯ. ಯಂತ್ರ ಬಂದು ಹಾಡುವವರ ಬಾಯಿ ಮುಚ್ಚಿಸಿತು ಎನ್ನುವವರು ಇದಕ್ಕೆ ಏನು ಹೇಳುತ್ತಾರೋ ನೋಡೋಣ.

ಈಗ ನಮ್ಮ ಹುಡುಗ ಹಾಕಿದ ಹಾಡಿಗೆ ಬರೋಣ. ಅದು "ರೋಲಿಂಗ್ ಗರ್ಲ್", ೨೦೧೦ರ ಫೆಬ್ರವರಿಯದು, ಕಟ್ಟಿದವನು ವೊವಾಕ. ಉರುಳುತ್ತಲೇ ಇರುವ ಒಬ್ಬ ಹುಡುಗಿ. ಆಯಿತೇ ಎಂದು ಕೇಳುತ್ತಾರೆ, ಇನ್ನೂ ಇಲ್ಲ ಎನ್ನುತ್ತಾಳೆ, ಮತ್ತೆ ಉರುಳುತ್ತಾಳೆ. ಅವಳನ್ನು ತಳ್ಳಿದವರು ಯಾರು ಎಂದು ಹಾಡು ಹೇಳುವುದಿಲ್ಲ. ನಮ್ಮ ಬರವಣಿಗೆಯಲ್ಲಿ ಹೀಗಾಗಿದ್ದರೆ, ಶತ್ರುವಿನ ಹೆಸರು ಹೇಳಪ್ಪ, ಎಂದು ನಾವೇ ಜಗಳಕ್ಕೆ ನಿಲ್ಲುತ್ತಿದ್ದೆವು. ಜಪಾನಿನ ಶಾಲೆಯೋ, ಪರೀಕ್ಷೆಯೋ, ಸಹಪಾಠಿಗಳ ಕಾಟವೋ, ಒಂದನ್ನಾದರೂ ಬೆರಳು ಮಾಡಿ ತೋರಿಸಬಹುದಿತ್ತು. ಈ ಹಾಡುಗಾರರ ದೊಡ್ಡ ಕೊರತೆ ಇದೇ. ನೋವು ಗೊತ್ತು, ನೋವಿಗೆ ಒಂದು ಸಮಾಜ ಇದೆ ಅನ್ನೋದು ಗೊತ್ತಿಲ್ಲ. ಎಲ್ಲವೂ ಬಾಗಿಲು ಹಾಕಿದ ಒಂದು ಕೋಣೆಯೊಳಗೇ ನಡೆದುಹೋಗುತ್ತದೆ. ಒಂದು ಕಾಲಕ್ಕೆ ನಮ್ಮ ನವ್ಯರಲ್ಲೂ ಇದೇ ಕೋಣೆ ಇತ್ತು.

ಆದರೆ ಈ ಹಾಡಿನಲ್ಲಿ ಕೋಣೆಯ ಗೋಡೆ ಬಿರಿಯುವ ಜಾಗ ಒಂದಿದೆ. ಅದು ದನಿಯಲ್ಲಿದೆ. ಮನುಷ್ಯ ಹಾಡಿದ್ದರೆ ದಣಿದಲ್ಲಿ ದಣಿವು ಕೇಳುತ್ತಿತ್ತು, ನಾವು ಅಯ್ಯೋ ಅನ್ನುತ್ತಿದ್ದೆವು. ಯಂತ್ರಕ್ಕೆ ದಣಿವಿಲ್ಲ. ಬಿದ್ದ ಹುಡುಗಿಯ ಮಾತನ್ನು ಅದೇ ಏರಿನಲ್ಲಿ, ಅದೇ ವೇಗದಲ್ಲಿ ಹೇಳಿಕೊಂಡೇ ಹೋಗುತ್ತದೆ. ದಣಿಯಲು ಅಪ್ಪಣೆಯಿಲ್ಲದವಳ ದನಿ ಹೀಗೇ ಇರಬೇಕಲ್ಲವೇ? ನಾವು ಮೂರು ನಿಮಿಷ ಕದಲದೆ ಕೂತದ್ದು ಇದಕ್ಕೇ ಎಂದು ಈಗ ಅನ್ನಿಸುತ್ತದೆ. ಯಂತ್ರದ ಕೊರತೆಯನ್ನು ವೊವಾಕ ಮುಚ್ಚಲು ಹೋಗಲಿಲ್ಲ, ಅದನ್ನೇ ಹಾಡಿನ ವಸ್ತು ಮಾಡಿದ.

ಕಾಸ್ಮೊ ಎಂಬ ಇನ್ನೊಬ್ಬ ೨೦೦೮ರಲ್ಲಿ "ಹತ್ಸುನೆ ಮಿಕುವಿನ ಕಣ್ಮರೆ" ಎಂಬ ಅರ್ಥದ ಹಾಡು ಕಟ್ಟಿದ. ನಿಮಿಷಕ್ಕೆ ೨೪೦ ತಾಳ. ಗಂಟಲಿದ್ದವರು ಹಾಡಲಾರರು ಎಂಬಷ್ಟು ವೇಗ. (ಆಮೇಲೆ ಹಟಕ್ಕೆ ಬಿದ್ದ ಹುಡುಗ ಹುಡುಗಿಯರು ಅದನ್ನೂ ಹಾಡಿ ತೋರಿಸಿದರು, ಆ ಮಾತು ಬಿಡಿ.) ತಾನು ನಕಲು ಎಂದು ತಿಳಿದ ದನಿಯೊಂದು, ತನ್ನನ್ನು ಅಳಿಸಿಹಾಕುವ ಮುನ್ನ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಲು ಓಡುತ್ತದೆ. ಕೆಲವರಿಗೆ ಇದು ಬರೀ ಸರ್ಕಸ್ಸು. ನಮಗೆ ಹಾಗನ್ನಿಸಲಿಲ್ಲ. ಬಳಸಿ ಎಸೆಯುವ ವಸ್ತುವಿನ ಬಾಯಲ್ಲಿ ಮಾತಿಟ್ಟರೆ ಅದು ಬಳಸಿದವರನ್ನೇ ನೋಡಿ ಮಾತಾಡುತ್ತದೆ.

ಇಷ್ಟು ಮೆಚ್ಚಿದ ಮೇಲೆ ಜಗಳವನ್ನೂ ಆಡಬೇಕು. ಈ ಹಾಡುಗಾರರು ದನಿ ತಿದ್ದುವ ಕೆಲಸಕ್ಕೆ ತಮ್ಮೊಳಗೆ ಬಳಸುತ್ತಿದ್ದ ಶಬ್ದ "ಚೋಕ್ಯೋ". ಕುದುರೆಯನ್ನು, ಸರ್ಕಸ್ಸಿನ ಪ್ರಾಣಿಯನ್ನು ಪಳಗಿಸುವುದಕ್ಕೆ ಜಪಾನೀಯರು ಹೇಳುವ ಮಾತು. ಬಹಳ ಚೆನ್ನಾಗಿ ತಿದ್ದಿದ್ದರೆ "ದೈವೀ ಪಳಗಿಕೆ" ಎಂಬಂತೆ ಹೊಗಳುತ್ತಿದ್ದರು. ತಮಾಷೆಗೆ ಅಂದದ್ದು ಎನ್ನಬಹುದು. ತಮಾಷೆಯಲ್ಲೇ ಒಳಗಿನದು ಹೊರಗೆ ಬರುವುದು. ಹದಿನಾರರ ಹುಡುಗಿಯ ಚಿತ್ರ, ಎಂದೂ ಇಲ್ಲ ಅನ್ನದ ದನಿ, ಅದನ್ನು ಪಳಗಿಸುವ ಬಹುಪಾಲು ಗಂಡಸರು. ನಮ್ಮಲ್ಲಿ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ, ಹದ ಮಾಡುತ್ತಾರೆ, ಪಳಗಿಸುತ್ತೇವೆ ಎನ್ನುವುದಿಲ್ಲ. ತಮಗೇ ದನಿಯಿಲ್ಲದೆ ಬಂದವರು ಸಿಕ್ಕಿದ ದನಿಗೆ ಮೂಗುದಾರ ಹಾಕುವ ಮಾತಾಡಿದರೆ ಅದನ್ನು ಎತ್ತಿ ತೋರಿಸದೆ ಇರುವುದು ಗೆಳೆತನವಲ್ಲ. ಈಚೆಗೆ ದನಿ ಹೊಂದಿಸುವುದು ಎಂಬರ್ಥದ ಬೇರೆ ಶಬ್ದವೂ ಬಳಕೆಗೆ ಬಂದಿದೆ. ಒಳ್ಳೆಯದೇ.

ಯಾರು ಯಾರ ಮಾತು ಕೇಳಬೇಕು ಎಂಬ ಈ ವಿಷಯದಲ್ಲಿ ಒಬ್ಬ ಮುದುಕನ ಹಟ ನಮಗೆ ಇಷ್ಟವಾಯಿತು. ಮಿಕುವಿನ ಕಚೇರಿಗಳಲ್ಲಿ ಗಾಜಿನಂಥ ಪರದೆಯ ಮೇಲೆ ಅವಳ ಚಿತ್ರ ಕುಣಿಯುತ್ತದೆ, ಪಕ್ಕದಲ್ಲಿ ನಿಜವಾದ ವಾದ್ಯಗಾರರು ನುಡಿಸುತ್ತಾರೆ. ಟೋಕಿಯೋದಲ್ಲಿ ೨೦೧೦ರ ಮಾರ್ಚ್ ೯ರಂದು ನಡೆದದ್ದೂ ಇಂಥದೇ. ಅಲ್ಲಿ ಯಂತ್ರದ ತಾಳ ಮೊದಲೇ ನಿಗದಿ, ಬದುಕಿರುವ ವಾದ್ಯಗಾರರು ಕಿವಿಗೆ ಗುಬುಟು ಸಿಕ್ಕಿಸಿಕೊಂಡು ಅದರ ಹಿಂದೆ ಓಡಬೇಕು. ಇಸಾವೊ ತೋಮಿತಾ ಎಂಬ ಸಂಗೀತಗಾರ ತನ್ನ ಎಂಬತ್ತನೆಯ ವಯಸ್ಸಿನಲ್ಲಿ, ೨೦೧೨ರ ನವೆಂಬರಿನಲ್ಲಿ, ದೊಡ್ಡ ವಾದ್ಯಮೇಳ ಮತ್ತು ಗಾಯಕವೃಂದದ ನಡುವೆ ಮಿಕುವನ್ನು ನಿಲ್ಲಿಸಿದ. ಆದರೆ ಮೇಳ ನಡೆಸುವವನ ಕೈ ಹೇಗೆ ಆಡುತ್ತದೋ ಹಾಗೆ ಯಂತ್ರವೇ ಹಿಂಬಾಲಿಸಬೇಕು ಎಂದ, ಹಾಗೆಯೇ ಮಾಡಿಸಿದ. ಕೃತಿಯ ಹೆಸರು "ಇಹಾತೊವ್ ಸಿಂಫನಿ". ಇಹಾತೊವ್ ಎಂಬುದು ಮಿಯಾಜಾವಾ ಕೆಂಜಿ ಎಂಬ ಕವಿ ತನ್ನ ಬಡ ಸೀಮೆಗೆ ಇಟ್ಟುಕೊಂಡ ಕನಸಿನ ಹೆಸರು. ಆ ಕೆಂಜಿ ಯಾರು? ಇವಾತೆ ಪ್ರಾಂತದ ಹನಮಾಕಿಯಲ್ಲಿ, ಕೃಷಿ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದವನು. ೧೯೨೬ರಲ್ಲಿ ಕೆಲಸ ಬಿಟ್ಟು ರೈತರ ಜೊತೆ ಬೇಸಾಯಕ್ಕಿಳಿದು, ಅವರಿಗೆ ಗೊಬ್ಬರದ ಲೆಕ್ಕವನ್ನೂ ಸಂಗೀತವನ್ನೂ ಒಟ್ಟಿಗೆ ಹೇಳಿಕೊಡಲು ಹೊರಟವನು. ಹಳ್ಳಿ ಮೇಷ್ಟ್ರುಗಳು ಈ ಹೆಸರನ್ನು ಗುರುತು ಹಾಕಿಕೊಳ್ಳಲಿ.

ಇನ್ನು ದುಡ್ಡಿನ ಮಾತು. ೨೦೦೭ರ ಡಿಸೆಂಬರಿನಲ್ಲೇ, ಬಹಳ ಹೆಸರಾಗಿದ್ದ ಒಂದು ಮಿಕು ಹಾಡನ್ನು ಜಪಾನಿನ ಹಕ್ಕುಸ್ವಾಮ್ಯ ಸಂಸ್ಥೆ ಜಸ್ರಾಕಿನಲ್ಲಿ ನೋಂದಾಯಿಸಿದ್ದು ತಿಳಿದು ದೊಡ್ಡ ಗಲಾಟೆಯಾಯಿತು. ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ಬದಲಿಸುವುದು, ಮತ್ತೊಬ್ಬ ಚಿತ್ರ ಬರೆಯುವುದು, ಮಗದೊಬ್ಬ ಹಾಡುವುದು, ಹೀಗೆ ಕೈಯಿಂದ ಕೈಗೆ ಬೆಳೆದ ಹಾಡಿಗೆ ಬೇಲಿ ಬಿತ್ತಲ್ಲ ಎಂದು ಜನ ಕೂಗಾಡಿದರು. ಇನ್ನೊಂದು ಕಡೆ ನೋಡಿದರೆ, ೨೦೧೦ರ ಹೊತ್ತಿಗೆ ಕರೋಕೆ ಅಂಗಡಿಗಳಲ್ಲಿ ಮಕ್ಕಳು ದುಡ್ಡು ಕೊಟ್ಟು ಈ ಹಾಡುಗಳನ್ನೇ ಹಾಡುತ್ತಿದ್ದರು, ಜಸ್ರಾಕಿಗೆ ಹಕ್ಕು ಒಪ್ಪಿಸದ ಕರ್ತೃವಿಗೆ ಮಾತ್ರ ಅದರಲ್ಲಿ ಬಿಡಿಗಾಸೂ ಇಲ್ಲ. ಬೇಲಿ ಹಾಕಿದರೆ ಹಾಡು ಜನರಿಂದ ದೂರ, ಹಾಕದಿದ್ದರೆ ಕಟ್ಟಿದವನಿಗೆ ಉಪವಾಸ. ಇದು ಜಪಾನಿನ ಹುಡುಗರ ಕಷ್ಟ ಮಾತ್ರವೇ? ಕಂಠದಿಂದ ಕಂಠಕ್ಕೆ ಹರಿದ ಹಾಡಿಗೆ ಯಾರದೋ ಕ್ಯಾಸೆಟ್ಟಿನ ಮೇಲೆ ಯಾರದೋ ಹೆಸರು ಬಿದ್ದದ್ದನ್ನು ನಾವೂ ಕಂಡಿದ್ದೇವೆ. ೨೦೧೧ರ ಹೊತ್ತಿಗೆ ಟೊಯೊಟಾ ಕಾರಿನ ಜಾಹೀರಾತಿನಲ್ಲೂ ಗೂಗಲ್ಲಿನ ಜಾಹೀರಾತಿನಲ್ಲೂ ಮಿಕು ಕಾಣಿಸಿಕೊಂಡಳು. ಕತ್ತಲ ಕೋಣೆಯ ಹಾಡು ಪೇಟೆಯ ದೀಪಕ್ಕೆ ಬಂತು.

೧೫,೭೫೦ ಯೆನ್ನೂ ಇಲ್ಲದವರು ಏನು ಮಾಡಿದರು? ಅವರ ಕಥೆ ಇನ್ನೂ ಚೆಂದ. ೨೦೦೮ರ ಮಾರ್ಚಿನಲ್ಲಿ ಒಬ್ಬ, ಯಾವ ಕಂಪನಿಯ ಹಂಗೂ ಇಲ್ಲದೆ, "ಉತಾವು" ಎಂಬ ಸಾಫ್ಟ್‌ವೇರ್ ಬರೆದು ಪುಕ್ಕಟೆಯಾಗಿ ಬಿಟ್ಟ. ಅದರಲ್ಲಿ ಯಾರು ಬೇಕಾದರೂ ತಮ್ಮ ಗಂಟಲನ್ನೇ ರೆಕಾರ್ಡು ಮಾಡಿ ತುಂಬಬಹುದು. ಮರುತಿಂಗಳು ಏಪ್ರಿಲ್ ಒಂದನೇ ತಾರೀಖು, ಮೂರ್ಖರ ದಿನ, ಕೆಲವು ಪುಂಡರು ಕಸಾನೆ ತೇತೊ ಎಂಬ ಇಲ್ಲದ ಹಾಡುಗಾರ್ತಿಯ ಚಿತ್ರ ಬರೆದು, ಹೊಸ ವೋಕಲಾಯ್ಡ್ ಬಂತು ಎಂದು ಜನರನ್ನು ಬೇಸ್ತು ಬೀಳಿಸಿದರು. ಸುಳ್ಳು ಬಯಲಾಯಿತು. ಆದರೆ ತೇತೊ ಸಾಯಲಿಲ್ಲ. ಉತಾವು ಒಳಗೆ ಅವಳಿಗೊಂದು ದನಿ ತುಂಬಿದರು, ಪುಕ್ಕಟೆ ಹಾಡುಗಾರರು ಹದಿನೈದು ವರ್ಷ ಅವಳನ್ನು ಹಾಡಿಸಿ ಸಾಕಿದರು. ೨೦೨೩ರಲ್ಲಿ ಕಂಪನಿಯೊಂದು ಅವಳ ದನಿಯನ್ನು ಹೊಸ ಬಗೆಯ ಯಂತ್ರದಲ್ಲಿ ಮಾರಾಟಕ್ಕಿಟ್ಟಿತು. ೨೦೨೪ರ "ಮೆಸ್ಮರೈಜರ್" ಎಂಬ ಹಾಡಿನಲ್ಲಿ ಮಿಕುವಿನ ಪಕ್ಕದಲ್ಲೇ ನಿಂತು ಹಾಡಿದಳು. ಗೇಲಿಗೆ ಹುಟ್ಟಿಸಿದವಳು ಸಮಕ್ಕೆ ಬಂದು ನಿಂತ ಈ ಕಥೆಯನ್ನು ನಮ್ಮ ಹುಡುಗ ಹೇಳುವಾಗ ಅವನ ಕಣ್ಣು ಹೊಳೆಯುತ್ತಿದ್ದವು.

ಯಂತ್ರದಲ್ಲಿ ಹಾಡಿಸಿದವರು ಕೊನೆತನಕ ಅದರ ಹಿಂದೆ ಅಡಗಿ ಕೂರಲಿಲ್ಲ. ವೊವಾಕ ೨೦೧೨ರ ಹೊತ್ತಿಗೆ ಹಿತೊರಿಯೆ ಎಂಬ ತಂಡ ಕಟ್ಟಿ ತಾನೇ ಹಾಡತೊಡಗಿದ. ೨೦೧೯ರ ಏಪ್ರಿಲಿನಲ್ಲಿ, ೩೧ನೆಯ ವಯಸ್ಸಿನಲ್ಲಿ, ತೀರಿಕೊಂಡ. ಹಾಚಿ ಎಂಬ ಹೆಸರಿನಲ್ಲಿ "ಮಾತ್ರ್ಯೋಶ್ಕಾ" ಕಟ್ಟಿದ್ದ ಹುಡುಗ ೨೦೧೨ರಲ್ಲಿ ಯೊನೆಜು ಕೆನ್ಶಿ ಎಂಬ ತನ್ನ ಸ್ವಂತ ಹೆಸರನ್ನು, ಸ್ವಂತ ದನಿಯನ್ನು ಹೊರಗಿಟ್ಟ. ಶಿಕೋಕು ದ್ವೀಪದ ತೊಕುಶಿಮಾದವನು. ಅವನ ೨೦೧೮ರ "ಲೆಮನ್" ಕೇಳದ ಜಪಾನೀ ಮನೆಯೇ ಇಲ್ಲವೇನೋ ಎಂಬಷ್ಟು ಹೆಸರಾಯಿತು. ನಡುವೆ, ೨೦೧೭ರಲ್ಲಿ, ಮಿಕುವಿಗೆ ಹತ್ತು ತುಂಬಿದ ವರ್ಷದ ಉತ್ಸವಕ್ಕೆ ಹಾಡು ಕೊಡು ಎಂದು ಕರೆದಾಗ ಅವನು ಕೊಟ್ಟದ್ದು "ಮರಳಿನ ಗ್ರಹ" ಎಂಬ ಅರ್ಥದ ಹಾಡು. ಮದುವೆ ಮನೆಗೆ ಬಂದು, ನೀವಿರುವ ಊರು ಒಣಗಿ ಮರಳಾಗಿದೆಯಲ್ಲ ಅಂದ ಹಾಗೆ. ಬಿಟ್ಟುಹೋದವನು ನೀನು, ಹೇಳೋಕೆ ನೀನ್ಯಾರು ಎಂದು ಬಹಳ ಜನ ಸಿಟ್ಟಾದರು. ಇಬ್ಬರ ಮಾತೂ ನಮಗೆ ಅರ್ಥವಾಗುತ್ತದೆ. ಹಟ್ಟಿಯಿಂದ ಓದಿ ಪಟ್ಟಣ ಸೇರಿದವರು ಊರ ಜಾತ್ರೆಗೆ ಬಂದಾಗಲೂ ಇದೇ ಜಗಳ. ಆದರೆ ಒಂದು ಮಾತು. ಆ ಮರಳಿನ ಹಾಡನ್ನು ಅವನು ತನ್ನ ಹೆಸರಾಂತ ದನಿಯಲ್ಲಿ ಕೊಡಲಿಲ್ಲ, ಹಳೆಯ ಹಾಚಿಯಾಗಿ ಮಿಕುವಿನ ಬಾಯಲ್ಲೇ ಕೊಟ್ಟ.

ಇಲ್ಲಿಯವರೆಗೆ ಹಾಡು ಕಟ್ಟಿದವರನ್ನು ಕುರಿತು ಆಡಿದೆವು. ಗಂಟಲು ಕೊಟ್ಟವರ ಮಾತು ಉಳಿದಿದೆ. ಫುಜಿತಾ ಸಾಕಿ ತಿಳಿದು ಒಪ್ಪಿ ಕೂಲಿ ಪಡೆದು ಕೊಟ್ಟಳು. ಒಪ್ಪಲಾರದವರ ಗಂಟಲು? ಮಿಸೊರಾ ಹಿಬಾರಿ ಯೊಕೊಹಾಮಾದ ಮೀನು ಮಾರುವವನ ಮಗಳು. ಯುದ್ಧದಲ್ಲಿ ಸೋತು ನೆಲಕಚ್ಚಿದ ಜಪಾನಿನಲ್ಲಿ ಮಗುವಾಗಿದ್ದಾಗಲೇ ಹಾಡಲು ನಿಂತವಳು, ೧೯೮೯ರಲ್ಲಿ ತೀರಿಕೊಂಡಳು. ಸತ್ತ ಮೂವತ್ತು ವರ್ಷಕ್ಕೆ, ೨೦೧೯ರಲ್ಲಿ, ಅಲ್ಲಿಯ ಸಾರ್ವಜನಿಕ ಟಿವಿ ಎನ್‌ಎಚ್‌ಕೆ ಯಮಾಹಾದವರ ಹೊಸ ಯಂತ್ರಕ್ಕೆ ಅವಳ ಹಳೆಯ ರೆಕಾರ್ಡುಗಳನ್ನು ಉಣಿಸಿ ಹೊಸ ಹಾಡು ಹಾಡಿಸಿತು. ವರ್ಷದ ಕೊನೆಯ ರಾತ್ರಿಯ ದೊಡ್ಡ ಕಾರ್ಯಕ್ರಮದಲ್ಲೂ ಆ ಬೊಂಬೆ ಬಂದು ಹಾಡಿತು. ಹಾಡಿದ್ದಷ್ಟೇ ಅಲ್ಲ, ನಡುವೆ ನಿಂತು, ನಿಮ್ಮನ್ನು ನೋಡುತ್ತಲೇ ಇದ್ದೆ, ನೀವು ಬಹಳ ಪಾಡುಪಟ್ಟಿರಿ ಎಂಬರ್ಥದ ಮಾತನ್ನೂ ಆಡಿತು. ಎಷ್ಟೋ ಮುದುಕ ಮುದುಕಿಯರು ಅತ್ತರು. ಅವರ ಕಣ್ಣೀರನ್ನು ನಾವು ಹಗುರ ಮಾಡುವುದಿಲ್ಲ. ಆದರೆ ೨೦೨೦ರ ಜನವರಿಯಲ್ಲಿ ಹಿರಿಯ ಹಾಡುಗಾರ ಯಮಾಶಿತಾ ತತ್ಸುರೊ ತನ್ನ ರೇಡಿಯೋ ಕಾರ್ಯಕ್ರಮದಲ್ಲಿ, ಇದು ಅಪಚಾರ ಅಂದ. ನಾವು ಅವನ ಕಡೆ. ಆ ಮಾತು ಹಿಬಾರಿಯದಲ್ಲ, ಯಾರೋ ಬರೆದದ್ದು. ಇಂದು ಸಮಾಧಾನದ ಮಾತು ಆಡಿಸಿದವರು ನಾಳೆ ಮತ ಕೇಳಿಸುವುದಿಲ್ಲ ಎಂದು ಯಾರು ಹೊಣೆ? ಮಿಕು ಇಲ್ಲದ ಹುಡುಗಿ, ಅವಳ ಬಾಯಲ್ಲಿ ಬಂದದ್ದೆಲ್ಲ ಕಟ್ಟಿದವನ ತಲೆಯ ಮೇಲೆ ಬರುತ್ತದೆ, ವೊವಾಕ ಉತ್ತರ ಹೇಳಬೇಕು. ಹಿಬಾರಿ ಇದ್ದವಳು. ಇಲ್ಲಿ ಬರೆದವನು ಅವಳ ಹೆಣದ ಹಿಂದೆ ನಿಂತು ಮಾತಾಡುತ್ತಾನೆ. ಎರಡೂ ಒಂದೇ ಯಮಾಹಾದ ಯಂತ್ರವಾದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ.

ಹದಿನೈದು ದಿನ ಕಳೆದು ಹುಡುಗ ಮತ್ತೆ ಬಂದ. ಮಿಕುವಿನಿಂದ ಕನ್ನಡ ಹಾಡಿಸಿದ್ದೇನೆ ಅಂದ. ಎರಡೇ ಸಾಲು, ಅವನದೇ ಪದ. ಹಾಕಿದ. ಜಪಾನೀ ಅಕ್ಷರಗಳಲ್ಲಿ ಳ ಇಲ್ಲ, ಣ ಇಲ್ಲ. ಹಳ್ಳಿ ಎಂಬುದು ಹರ್ರಿ ಆಯಿತು, ಬಾಳು ಬಾರು ಆಯಿತು. ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕರು. "ನಮ್ಮ ಳ ಬರೋಲ್ಲ ಕಣೋ ಇದಕ್ಕೆ. ಇನ್ನೊಂದ್ಸಲ ಹಾಕು," ಅಂದರು. ಮೂರು ಸಲ ಹಾಕಿಸಿ ಕೇಳಿದರು.

ಈಗ ಅವನು ಉತಾವು ಹಿಡಿದು ಕೂತಿದ್ದಾನೆ. ಊರಿಗೆ ಹೋಗಿ ತನ್ನ ಅಕ್ಕನ ಗಂಟಲಲ್ಲಿ ಕಾಗುಣಿತವನ್ನೆಲ್ಲ ರೆಕಾರ್ಡು ಮಾಡಬೇಕಂತೆ. ಅಕ್ಕ ಮೂರನೇ ಕ್ಲಾಸು ಓದಿದವಳು, ನಾಟಿ ಹಾಡುಗಳು ಬಾಯಿಗೆ ಬರುತ್ತವೆ. ಫೋನಿನಲ್ಲಿ ವಿಷಯ ಹೇಳಿದ್ದಕ್ಕೆ, "ನನ್ನ ದನೀಲಿ ಏನು ಹಾಡಿಸ್ತೀಯಾ, ಅದನ್ನ ಮೊದಲು ಹೇಳು. ಆಮೇಲೆ ಬಾ," ಅಂದಳಂತೆ. ಅವನು ಹಾಡು ಇನ್ನೂ ಬರೆದಿಲ್ಲ.